ಹಸಿದ ಕೌದಿ

ಗೋವಿಂದನಹಳ್ಳಿಯ ಪಾರ್ವತಮ್ಮ ನೆನ್ನೆ ಮಧ್ಯಾಹ್ನದಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಹಾಗಂತ ಏಕಾದಶಿಯೂ ಅಲ್ಲ, ಶನಿವಾರದ ಒಪ್ಪತ್ತೂ ಅಲ್ಲ. ಅವಳು ಹೊಲಿದ ಕೌದಿ ಹಸಿದುಕೊಂಡೇ ಶ್ರೀರಂಗಪಟ್ಟಣಕ್ಕೆ ಹೋಗಿಬಿಟ್ಟಿತ್ತು. ಅದು ಉಣ್ಣದೆ ತಾನು ಹೇಗೆ ಉಣ್ಣುವುದು?

ಅವರ ಮನೆಯಲ್ಲಿ ಕೌದಿ ಹೊಲಿಯುವುದೆಂದರೆ ಹೀಗೆ. ಹಳೇ ಸೀರೆ, ಪಂಚೆ, ಮಕ್ಕಳ ಲಂಗ, ಯಾವುದನ್ನೂ ಎಸೆಯದೆ ತುಂಡು ತುಂಡು ಜೋಡಿಸಿ, ಪದರದ ಮೇಲೆ ಪದರವಿಟ್ಟು, ಅಂಚಿನಿಂದ ನಡುವಿಗೆ ಸಣ್ಣ ಹೊಲಿಗೆ ಹಾಕುತ್ತಾ ಬರುವುದು. ಒಂದು ಮೂಲೆಯನ್ನು ಮಾತ್ರ ಬೆರಳು ತೂರುವಷ್ಟು ಬಿಟ್ಟಿರುವುದು. ಅದು ಕೌದಿಯ ಬಾಯಿ. ಎಲ್ಲ ಮುಗಿದ ಮೇಲೆ ಆ ಬಾಯಿಗೆ ಒಂದು ಚಿಟಿಕೆ ರಾಗಿ ಹಾಕಿ, ಕೈಮುಗಿದು, ಹೊಲಿದುಬಿಡುವುದು.

"ಉಂಡಿರೋ ಕೌದಿ ಆದ್ರೆ ಮಕ್ಳಿಗೆ ಒಳ್ಳೆ ನಿದ್ದೆ ಬತ್ತದೆ ಕಣಮ್ಮಿ. ಅಸ್ಕೊಂಡಿದ್ರೆ ಅದು ಮಕ್ಳ ನಿದ್ದೇನೇ ತಿಂದ್ಬುಡ್ತದೆ," ಎಂದು ಅತ್ತೆ ಬೆಟ್ಟಮ್ಮ ಹೇಳಿಕೊಟ್ಟಿದ್ದಳು. ಬೆಟ್ಟಮ್ಮ ಈಗಿಲ್ಲ. ಅವಳ ಅರಿಶಿನ ಬಣ್ಣದ ಸೀರೆ ಈ ಕೌದಿಯ ನಟ್ಟನಡುವೆ ಇದೆ. ಕೌದಿ ಹೊಲಿದದ್ದು ಮಗಳು ಚೈತ್ರಳ ಬಾಣಂತನಕ್ಕೆ. ಅಷ್ಟರಲ್ಲಿ ಶ್ರೀರಂಗಪಟ್ಟಣದ ಮ್ಯೂಸಿಯಮ್ಮಿನವರು ಸುತ್ತಲ ನಾಲ್ಕು ತಾಲ್ಲೂಕಿನ ಹೆಂಗಸರ ಕೌದಿಗಳನ್ನೂ ಈಗಿನ ಕಲಾವಿದರ ಬಟ್ಟೆಯ ಕೆಲಸಗಳನ್ನೂ ಒಟ್ಟಿಗೆ ಪ್ರದರ್ಶನಕ್ಕಿಡುತ್ತೇವೆಂದು ಕೇಳಿದ್ದರು. ಅವಳೂ ಒಪ್ಪಿದ್ದಳು. ನೆನ್ನೆ ಸಂಜೆ ಅವರ ವ್ಯಾನು ಬಂದಾಗ ಅವಳು ಡೈರಿಗೆ ಹಾಲು ಹಾಕಲು ಹೋಗಿದ್ದಳು. ಗಂಡ ನರಸಯ್ಯ ಕೌದಿಯನ್ನು ಚೆಂದಾಗಿ ಮಡಿಸಿ ಕೊಟ್ಟು ಕಳಿಸಿದ್ದ.

"ಬಾಯಿ ತಕ್ಕೊಂಡು ನಿಂತಿರೋ ಕೌದಿ ನಿಮ್ ಕಣ್ಣಿಗೆ ಬೀಳ್ನಿಲ್ವಾ?" ಎಂದು ಶ್ರೀರಂಗಪಟ್ಟಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಡನನ್ನು ಕೇಳಿದಳು.

"ಕೌದಿ ಬಾಯಿ ನಂಗೇನಮ್ಮಿ ಗೊತ್ತು? ನಿನ್ ಬಾಯಿ ಆಗಿದ್ರೆ ಗೊತ್ತಾಗದು," ಅಂದ ನರಸಯ್ಯ. ಹೆಂಡತಿ ಉಣ್ಣುವವರೆಗೆ ತಾನೂ ಉಣ್ಣುವುದಿಲ್ಲವೆಂದು ಅವನೂ ಹಟ ಹಿಡಿದಿದ್ದ. ಪಾಂಡವಪುರದಲ್ಲಿ ಬಸ್ಸು ನಿಂತಾಗ ಮಾತ್ರ ನೀರು ಕುಡಿದು ಬರುತ್ತೇನೆಂದು ಇಳಿದವನು ಮೀಸೆಯಲ್ಲಿ ಚಟ್ನಿ ಅಂಟಿಸಿಕೊಂಡು ಬಂದ. ಅವಳು ನೋಡಿಯೂ ನೋಡದವಳಂತೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿದಳು. ಮಡಿಲಲ್ಲಿ ದೊಡ್ಡ ಡಬ್ಬಿಯ ತುಂಬ ಬೆಲ್ಲ, ಕಾಯಿತುರಿ ಕಲೆಸಿದ, ಹುರಿದ ರಾಗಿಯ ಉರಿಹಿಟ್ಟಿತ್ತು. ಕೌದಿ ಉಂಡ ಮೇಲೆ ಎಲ್ಲರ ಬಾಯಿ ಸಿಹಿ ಮಾಡಬೇಕಲ್ಲ. ಸೆರಗಿನ ತುದಿಯಲ್ಲಿ ರಾಗಿಯ ಗಂಟು, ಸೂಜಿದಾರ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಕಾವಲಿಗಿದ್ದವನು ಕಿರಂಗೂರಿನ ಪುಟ್ಟರಾಜು. "ಕೌದಿಯವ್ರಾ? ಬನ್ನಿ ಬನ್ನಿ ಅಕ್ಕ, ಇನ್ನೊಂದ್ ಗಳ್ಗೇಲಿ ಉದ್ಘಾಟನೆ," ಎಂದು ಒಳಗೆ ಬಿಟ್ಟ.

ಒಳಗೆ ಕಾಲಿಟ್ಟವಳು ಹಸಿವನ್ನೇ ಮರೆತಳು. ಗೋಡೆಗಳೆಲ್ಲ ಬಣ್ಣ ಬಣ್ಣದ ಬಟ್ಟೆ. ನಾಗಮಂಗಲದ ಹೆಂಗಸೊಬ್ಬಳು ಕೌದಿಯ ಮೇಲೆ ಜೋಡೆತ್ತು ಕೂರಿಸಿದ್ದಳು. ಯಾರೋ ಕಲಾವಿದ ಹಳೇ ಖಾಕಿ ಅಂಗಿಗಳ ಜೇಬುಗಳನ್ನಷ್ಟೇ ಕಿತ್ತು ಜೋಡಿಸಿ ಕಾವೇರಿ ಹರಿಸಿದ್ದ.

"ಇಷ್ಟೊಂದ್ ಜೇಬು!" ನರಸಯ್ಯ ಬಾಯಿಬಿಟ್ಟ. "ಒಂದ್ರಲ್ಲೂ ಕಾಸಿಲ್ಲ, ನೋಡಮ್ಮಿ."

ಅವಳ ಕೌದಿ ಕೊನೆಯ ಗೋಡೆಯಲ್ಲಿತ್ತು. ಮುಂದೆ ಉದ್ಘಾಟನೆಗೆಂದು ಇಳಿಬಿಟ್ಟ ಕೆಂಪು ಪರದೆ. ಪರದೆಯ ಹಿಂದೆ ಹೋಗಿ ನೋಡಿದರೆ, ಬೆಟ್ಟಮ್ಮನ ಅರಿಶಿನ ಸೀರೆ ದೀಪದ ಬೆಳಕಲ್ಲಿ ಹೂವಿನ ಹಾಗೆ ನಗುತ್ತಿತ್ತು. ಕೆಳಗಿನ ಮೂಲೆಯಲ್ಲಿ ಬಾಯಿ ತೆರೆದೇ ಇತ್ತು. ಪಕ್ಕದಲ್ಲೊಂದು ಬೋರ್ಡು. ನರಸಯ್ಯ ಅಕ್ಷರ ಅಕ್ಷರ ಕೂಡಿಸಿ ಓದಿದ: "ಕಲಾವಿದೆ ಒಂದು ಮೂಲೆಯನ್ನು ಬೇಕೆಂದೇ ತೆರೆದಿಟ್ಟಿದ್ದಾರೆ. ಇದು ಮುಗಿಯದ ಬದುಕಿನ ಸಂಕೇತ."

"ಅಯ್ಯೋ ನನ್ನಪ್ಪ," ಪಾರ್ವತಮ್ಮ ಸೆರಗಿನ ಗಂಟು ಬಿಚ್ಚಿದಳು. "ಅಸ್ಕೊಂಡಿರೋ ಕೌದೀನ ನಿಲ್ಲಿಸಿ ಪದ ಕಟ್ಟಿ ಆಡ್ತಾವ್ರಲ್ಲ!"

"ಅಮ್ಮಾ, ಮುಟ್ಟಬೇಡಿ!" ಎನ್ನುತ್ತಾ ಪ್ರದರ್ಶನ ಜೋಡಿಸಿದ ಅರ್ಪಿತ ಓಡಿಬಂದಳು. ಯಾರೆಂದು ತಿಳಿದ ಮೇಲೆ ಕೈ ಹಿಡಿದುಕೊಂಡಳು. ಪಾರ್ವತಮ್ಮ ಎಲ್ಲ ಹೇಳಿದಾಗ ಹುಡುಗಿ ತನ್ನ ಬೋರ್ಡು ನೋಡಿ ಕಿಸಕ್ಕನೆ ನಕ್ಕಳು. ಆಮೇಲೆ ಮುಖ ಸಣ್ಣದಾಯಿತು.

"ಬಾಯಿ ಹೊಲಿಯಿರಿ ಅಮ್ಮಾ, ಬೇಡ ಅನ್ನಲ್ಲ. ಆದರೆ ರಾಗಿ ಹಾಕೋ ಹಾಗಿಲ್ಲ. ಕಾಳಿದ್ದರೆ ಹುಳ ಬರುತ್ತೆ. ಪಕ್ಕದ ಕೋಣೆಯಲ್ಲಿ ತಲೆಮಾರುಗಳ ಹಿಂದಿನ ರೇಷ್ಮೆ ಇದೆ. ಅದಕ್ಕೇನಾದರೂ ಆದರೆ?"

ಪಾರ್ವತಮ್ಮನಿಗೆ ಹುಡುಗಿಯ ಮಾತು ನಿಜ ಅನ್ನಿಸಿತು. ತನ್ನ ಮನೆಯಲ್ಲಿ ಕಾಳು ತುಂಬಿಡುವ ವಾಡೆಗೆ ಹುಳ ಬಿದ್ದ ವರ್ಷ ಅವಳಿಗೂ ನೆನಪಿತ್ತು. ಆದರೆ ಬರಿಹೊಟ್ಟೆಗೆ ಬಾಯಿ ಹೊಲಿಯಲು ಕೈ ಬಾರದು. ಪ್ರದರ್ಶನ ಮುಗಿದ ಮೇಲೆ ಚೈತ್ರಳ ಕೂಸು ಇದರ ಮೇಲೇ ಮಲಗಬೇಕು. ಅವಳು ಕೌದಿಯ ಮುಂದೆ ನೆಲದಲ್ಲಿ ಕೂತುಬಿಟ್ಟಳು. ಕಣ್ಣು ತುಂಬಿತು.

ನರಸಯ್ಯ ಹೆಂಡತಿಯನ್ನು ನೋಡಿದ, ಕೌದಿಯನ್ನು ನೋಡಿದ. ಆಚೆ ಕೋಟೆಯ ಒಳಗಿನಿಂದ ರಂಗನಾಥಸ್ವಾಮಿ ಗುಡಿಯ ಗಂಟೆ ಕೇಳಿಸಿತು. ತಲೆ ಕೆರೆದುಕೊಂಡು ಅಂದ:

"ಅಲ್ಲ ಕಣಮ್ಮಿ, ರಂಗನಾಥನ ಬಾಯಿಗೆ ಯಾರಾದ್ರೂ ಅನ್ನ ತುರುಕ್ತಾರಾ? ತೆರೆ ಎಳೀತಾರೆ, ಮುಂದೆ ಎಡೆ ಇಡ್ತಾರೆ. ಅವ್ನು ನೋಡ್ತಾನೆ, ಹೊಟ್ಟೆ ತುಂಬ್ತದೆ. ಉಣ್ಣೋರು ನಾವು. ಇದ್ಕೂ ಅಂಗೇ ಇಡು. ತೆರೆ ಹೆಂಗೂ ಅದೆಯಲ್ಲ."

ಪಾರ್ವತಮ್ಮ ಗಂಡನನ್ನು ದಿಟ್ಟಿಸಿದಳು. "ಚಟ್ನಿ ತಿಂದ ಬಾಯಲ್ಲಿ ಇಂಥ ಮಾತು ಎಲ್ಲಿಂದ ಬಂತು?"

"ಯಾವ್ ಚಟ್ನಿ?" ಎಂದು ಅವನು ಮೀಸೆ ಒರೆಸಿಕೊಂಡ.

ಅರ್ಪಿತ ಡಬ್ಬಿ ನೋಡಿದಳು. "ಬಟ್ಟೆಗೆ ತಾಗದ ಹಾಗೆ, ದೂರದಲ್ಲಿ ಇಡ್ತೀರಾ?"

"ದೇವ್ರ ಮುಂದೆ ಎಷ್ಟು ದೂರ ಇಡ್ತೀವೋ ಅಷ್ಟೇ ಕಣ್ ಮಗ," ಅಂದಳು ಪಾರ್ವತಮ್ಮ.

ಅಷ್ಟರಲ್ಲಿ ಉದ್ಘಾಟಿಸಬೇಕಾದ ಸಾಹೇಬರು ಬಂದೇಬಿಟ್ಟರು. ಹಿಂದೆ ಊರೂರಿನ ಹೆಂಗಸರು, ಶಾಲೆಯ ಮಕ್ಕಳು. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಪುಟ್ಟರಾಜು ಪರದೆಯ ಮುಂದೆ ಎರಡೂ ಕೈ ಚಾಚಿ ನಿಂತ.

"ಒಸಿ ತಡೀರಿ ಸಾರ್. ಒಳಗೆ ಎಡೆ ಆಯ್ತಾ ಅದೆ."

"ಎಡೆಯಾ? ಯಾರಿಗಯ್ಯ?"

"ಕೌದಿಗೆ ಸಾರ್."

ಸಾಹೇಬರಿಗೆ ಏನು ಅರ್ಥವಾಯಿತೋ, ಮೆಲ್ಲಗೆ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಎಲ್ಲರೂ ಬಿಟ್ಟರು. ಪಾಂಡವಪುರದ ಒಬ್ಬ ಮುದುಕಿ ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದಳು.

ಪರದೆಯ ಹಿಂದೆ ಪಾರ್ವತಮ್ಮ ಡಬ್ಬಿಯ ಮುಚ್ಚಳ ತೆಗೆದು ನೆಲದ ಮೇಲಿಟ್ಟಳು. ಏಲಕ್ಕಿ, ಬೆಲ್ಲದ ಘಮ ಎದ್ದಿತು. ಕಣ್ಣು ಮುಚ್ಚಿ, "ಅತ್ತೆಮ್ಮ, ತಡ ಆಯ್ತು, ಮುನಿಸ್ಕೋಬೇಡಿ. ಊಟ ಮಾಡಿ," ಅಂದಳು. ಒಂದಿಷ್ಟು ಹೊತ್ತು ಸುಮ್ಮನೆ ನಿಂತಳು, ಉಣ್ಣುವವರನ್ನು ಅವಸರ ಮಾಡಬಾರದಲ್ಲ. ಆಮೇಲೆ ಕೈ ತೊಳೆದು ಬಂದು ಸೂಜಿಗೆ ದಾರ ಪೋಣಿಸಿ, ಕೌದಿಯ ಬಾಯನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಮುಚ್ಚಿದಳು. ಅರ್ಪಿತ ಸದ್ದಿಲ್ಲದೆ ಬೋರ್ಡು ಕಿತ್ತು ಕಂಕುಳಲ್ಲಿಟ್ಟುಕೊಂಡಳು.

"ಆಯ್ತು, ಎಳೀರ್ಲಾ ತೆರೆ," ಎಂದ ನರಸಯ್ಯ.

ಪರದೆ ಸರಿಯಿತು. ಚಪ್ಪಾಳೆ ತಟ್ಟಲು ಬಂದವರು ಕೈಮುಗಿದೇ ನಿಂತಿದ್ದರು. ಆಮೇಲೆ ಯಾರೋ ನಕ್ಕರು, ನಗು ಹಬ್ಬಿತು, ಚಪ್ಪಾಳೆಯೂ ಬಂತು.

ಅಂಗಳದ ಹೊಂಗೆಮರದ ಕೆಳಗೆ ಉರಿಹಿಟ್ಟನ್ನು ಉಂಡೆ ಕಟ್ಟಿ ಹಂಚಿದ್ದಾಯಿತು. ಸಾಹೇಬರು ಒಂದು ಉಂಡೆ, ಮಕ್ಕಳು ಸಿಕ್ಕಷ್ಟು, ನರಸಯ್ಯ ಎರಡು ಸಲ ಸಾಲಿನಲ್ಲಿ ನಿಂತು ಎರಡು.

"ಅಮ್ಮಾ, ಈಗಾದರೂ ನೀವು ತಿನ್ನಿ," ಅರ್ಪಿತ ಕೊನೆಯ ಉಂಡೆಯನ್ನು ಅವಳ ಕೈಗಿಟ್ಟಳು.

ಪಾರ್ವತಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಮುಖವೆಲ್ಲ ಅರಳಿತು.

"ಬೆಲ್ಲ ಒಸಿ ಜಾಸ್ತಿ ಆಗದೆ," ಅಂದಳು. "ಒಬ್ರಾದ್ರೂ ಯೋಳ್ಬಾರ್ದಾ?"