ಹಸಿವಾಸನೆ

ಮುದ್ದೆ ಉಣ್ಣುವವರ ಮನೆಯಲ್ಲಿ ಹಲ್ಲಿನ ರೋಗ ಬೇಗ ಗೊತ್ತಾಗುವುದಿಲ್ಲ. ಮುದ್ದೆಯನ್ನು ಅಗಿಯುವವರು ಯಾರು? ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗುವುದೇ ಅದರ ಕ್ರಮ. ಅಗಿದರೆ ನೆಂಟರ ಮುಂದೆ ಮಾನ ಹೋಗುತ್ತದೆ. ಹಳ್ಳಿಮೈಸೂರಿಗೆ ಹತ್ತಿರದ ಒಂದು ಊರಿನಲ್ಲಿ ಪುಟ್ಟತಾಯಮ್ಮನ ಸೊಸೆ ನಂಜಮ್ಮ ಹೀಗೆ ನುಂಗಿ ನುಂಗಿಯೇ ತಿಂಗಳುಗಟ್ಟಲೆ ಬಾಯಿಯ ನೋವನ್ನು ಮುಚ್ಚಿಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಅತ್ತೆ ಅವಳ ಕೈಗೆ ಕೊಬ್ಬರಿ ಚೂರು, ಬೆಲ್ಲ ಇಟ್ಟಳು. ನಂಜಮ್ಮ ಕಚ್ಚಿದಳು. ಬಿಳಿ ಕೊಬ್ಬರಿಯ ಮೇಲೆ ಕೆಂಪು ರಕ್ತ ಅಂಟಿತ್ತು.

ಅದು ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿಯನ್ನು ಕಾರ್ಡಿಗೆ ಅಳೆದು ಕೊಡುತ್ತಿದ್ದರು, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ನಂಜಮ್ಮ ಐದು ತಿಂಗಳ ಬಾಣಂತಿ. ತಾಯಿಯಿಲ್ಲದ ಹುಡುಗಿಯಾದ್ದರಿಂದ ಹೆರಿಗೆ, ಬಾಣಂತನ ಎರಡೂ ಅತ್ತೆಯ ಮನೆಯಲ್ಲೇ ಆಗಿದ್ದವು. ಪುಟ್ಟತಾಯಮ್ಮನ ಪಥ್ಯವೆಂದರೆ ಪಥ್ಯ. ಸೊಪ್ಪು ಇಲ್ಲ, ಹಣ್ಣು ಇಲ್ಲ, ಹುಳಿ ಇಲ್ಲ, ಬೇಯದ ಒಂದು ಎಸಳೂ ಆ ಹುಡುಗಿಯ ಬಾಯಿಗೆ ಹೋಗುವಂತಿಲ್ಲ. ಕೆಟ್ಟ ಅತ್ತೆಯಾಗಿದ್ದರೆ ಇಷ್ಟು ಕಾಪಾಡುತ್ತಿರಲಿಲ್ಲ. ಪ್ರೀತಿ ಹೆಚ್ಚಾಗಿಯೇ ಇಷ್ಟೆಲ್ಲ ಆದದ್ದು.

ಪಕ್ಕದ ಮನೆಯ ಲಕ್ಕಮ್ಮ ಕೊಬ್ಬರಿಯ ಸುದ್ದಿ ಕೇಳಿ ಕೆನ್ನೆ ಮೇಲೆ ಕೈಯಿಟ್ಟಳು. "ಪಥ್ಯ ಸಡ್ಲ ಬಿಟ್ಟಿದ್ದೀಯ ಕಣಕ್ಕ. ನೀನು ಒಲದ ಕಡೀಕೆ ಓದಾಗ ಏನೋ ಹಸೀದು ಬಾಯಿಗಾಕ್ಕೊಂಡವ್ಳೆ. ಬಿಗಿ ಮಾಡು."

ಪುಟ್ಟತಾಯಮ್ಮ ಬಿಗಿ ಮಾಡಿದಳು. ಕೊಡುತ್ತಿದ್ದ ಮಜ್ಜಿಗೆಯನ್ನೂ ನಿಲ್ಲಿಸಿದಳು. ನಂಜಮ್ಮನ ಕಾಲಿನ ಮೇಲೆ ಕೆಂಪು ಚುಕ್ಕೆಗಳೆದ್ದವು. ಮಂಡಿ ಹಿಡಿದುಕೊಂಡು ಏಳಲಾರದೆ ಹೋದಳು. ಎದೆಹಾಲು ಕಡಿಮೆಯಾಯಿತು. ಮಗು ಹಸಿದು ಅತ್ತು ಅತ್ತು, ಕೊನೆಗೆ ಅಳುವುದನ್ನೂ ಬಿಡತೊಡಗಿತು. ಅಳುವ ಮಗುವಿಗಿಂತ ಅಳದ ಮಗುವನ್ನು ಕಂಡು ಪುಟ್ಟತಾಯಮ್ಮನಿಗೆ ಹೆಚ್ಚು ಹೆದರಿಕೆಯಾಯಿತು.

ಆ ಗುರುವಾರ ಹೊಳೆನರಸೀಪುರದ ಕಡೆಯಿಂದ ನರ್ಸಮ್ಮ ಬಂದರು. ಮಕ್ಕಳಿಗೆ ಸಿಡುಬಿನ ದಾಕು ಹಾಕುವುದಕ್ಕೆ ಊರೂರು ತಿರುಗುತ್ತಿದ್ದ ಸುವರ್ಣಮ್ಮ ಆಕೆ. ಮಗುವಿನ ತೋಳು ಹಿಡಿದವರು ಬಿಟ್ಟುಬಿಟ್ಟು ತಾಯಿಯ ಕಡೆ ತಿರುಗಿದರು. "ಬಾಯಿ ತೆಗಿಯವ್ವ," ಎಂದರು. ವಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದರು. ಬೆರಳು ಕೆಂಪಾಯಿತು.

"ಊಟಕ್ಕೆ ಏನೇನು ಕೊಡ್ತೀರಿ ಪುಟ್ಟತಾಯಮ್ಮ?"

"ಮೆಣಸಿನ ಸಾರು, ಬೆಳ್ಳುಳ್ಳಿ, ದಿನ ಬಿಟ್ಟು ದಿನ ಬಸ್ಸಾರು. ಮೊಳಕೆ ಕಟ್ಟಿದ ಹೆಸರುಕಾಳು ಕಣ್ ತಾಯಿ. ನನ್ ಕೈ ಬಸ್ಸಾರು ಉಣ್ಣಾಕೆ ಅರಕಲಗೂಡಿಂದ ನೆಂಟ್ರು ಬತ್ತಾರೆ."

"ಕಾಳು ಎಷ್ಟು ಹೊತ್ತು ಬೇಯಿಸ್ತೀರಿ?"

"ಹಸಿವಾಸ್ನೆ ಓಗೋಗಂಟ. ಬಾಣಂತಿಗೆ ಅಂತ ಇನ್ನೂ ಒಂದ್ ಗಳಿಗೆ ಜಾಸ್ತೀನೇ ಬೇಯಿಸ್ತೀನಿ."

"ಕೋಸಂಬರಿ ಮಾಡೋದುಂಟಾ?"

"ಅದು ರಾಮನವಮೀಗೆ. ದಿನಾ ಹಸೀದು ತಿನ್ನಾಕೆ ನಾವೇನು ದನವಾ?"

ಸುವರ್ಣಮ್ಮ ನಗಲಿಲ್ಲ. ಮೊಳಕೆ ಕಟ್ಟಿದ ಗಂಟನ್ನು ತರಿಸಿಕೊಂಡು ಜಗಲಿಯ ಬೆಳಕಿನಲ್ಲಿ ಬಿಚ್ಚಿದರು. ಒದ್ದೆ ಬಟ್ಟೆಯ ತುಂಬ ಬಿಳಿ ಬಾಲದ ಹಸಿರು ಕಾಳು. "ಇದು ಯಾವಾಗಿನ ಕಾಳು?"

"ಓದ್ ವರ್ಸದ್ದು. ಬೂದಿ ಬೆರ್ಸಿ ವಾಡೇಲಿ ತುಂಬಿಟ್ಟಿದ್ದೆ."

"ವರ್ಷ ಪೂರ್ತಿ ಮಣ್ಣಿನ ವಾಡೇಲಿ, ಬೂದಿಯೊಳಗೆ. ನೀರಿಲ್ಲ, ಬೆಳಕಿಲ್ಲ. ಕಲ್ಲಿನ ಹಾಗೆ ಬಿದ್ದಿತ್ತು. ನೀವು ಬರೀ ನೀರು ತೋರಿಸಿದ್ರಿ, ಎದ್ದು ಕೂತಿದೆ. ಇದನ್ನ ಎಬ್ಬಿಸಿದ್ದು ಯಾವುದು ಹೇಳಿ?"

ಪುಟ್ಟತಾಯಮ್ಮ ಒಂದು ಕಾಳನ್ನು ಅಂಗೈಮೇಲಿಟ್ಟು ನೋಡಿದಳು. ನಲವತ್ತು ವರ್ಷ ಕಾಳು ಕಟ್ಟಿದ ಕೈ ಅದು. ಬೆಂದಿದೆಯೋ ಇಲ್ಲವೋ ಎಂದು ಮಾತ್ರ ನೋಡಿದ್ದಳೇ ಹೊರತು ಕಾಳನ್ನು ನೋಡಿರಲೇ ಇಲ್ಲ. ಸಿಪ್ಪೆ ಬಿರಿದು, ಒಳಗಿಂದ ಒಂದು ಬಿಳಿ ಬೇರು ಬಾಗಿಕೊಂಡು ಹೊರಟಿತ್ತು, ಮಣ್ಣು ಎಲ್ಲಿದೆ ಎಂದು ಹುಡುಕುತ್ತ. ಯಾರು ಹೇಳಿಕೊಟ್ಟರು ಇದಕ್ಕೆ? ಅವಳ ಮೈ ಜುಮ್ಮೆಂದಿತು. ದೇವರ ಗೂಡಿನ ಮುಂದೆ ನಿಂತಾಗಲೂ ಅವಳಿಗೆ ಅಷ್ಟು ಬೆರಗಾಗಿರಲಿಲ್ಲ.

"ಹೀಗೆ ಎದ್ದ ಕಾಳಲ್ಲಿ ಒಂದು ಸತ್ವ ಹುಟ್ಟುತ್ತೆ. ಒಣ ಕಾಳಲ್ಲಿ ಅದು ಇರೋದಿಲ್ಲ," ಎಂದರು ಸುವರ್ಣಮ್ಮ. "ಡಾಕ್ಟರು ಅದಕ್ಕೆ ಜೀವಸತ್ವ ಅಂತಾರೆ. ನಿಂಬೆ, ನೆಲ್ಲಿ, ಮಾವಿನಕಾಯಿ, ಹಸಿ ಸೊಪ್ಪಲ್ಲೂ ಇದೆ. ಅದು ಹೊಟ್ಟೆಗೆ ಹೋಗದಿದ್ರೆ ವಸಡು ಕೊಳೆಯುತ್ತೆ, ಚರ್ಮದ ಕೆಳಗೆ ರಕ್ತ ಒಸರುತ್ತೆ. ಆದರೆ ಅದು ಬೆಂಕಿಗೆ ನಿಲ್ಲೋ ಪದಾರ್ಥ ಅಲ್ಲ. ನೀವು ಕಾಳನ್ನ ಏಳಿಸ್ತೀರಿ, ಆಮೇಲೆ ಬೇಯಿಸಿ ಸಾಯಿಸ್ತೀರಿ. ನಂಜಮ್ಮನಿಗೆ ದಿನಾ ಒಂದು ಬಟ್ಟಲು ಹಸಿ ಕೋಸಂಬರಿ ಕೊಡಿ. ನನ್ನ ಪೆಟ್ಟಿಗೇಲಿ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ."

ಪುಟ್ಟತಾಯಮ್ಮನ ಮುಖ ಬಾಡಿತು. ಬಟ್ಟೆಯನ್ನು ಮಡಿಸಿ ಕಾಳನ್ನು ಮುಚ್ಚಿದಳು. "ಬ್ಯಾರೆ ಏನಾರ ಏಳಿ ತಾಯಿ, ಮಾಡ್ತೀನಿ. ಹಸೀದು ಮಾತ್ರ ಕೊಡಾಕಿಲ್ಲ. ನಂಗೊಬ್ಳು ಮಗ್ಳಿದ್ಳು. ಎರಿಗೆ ಆಗಿ ಒಂಬತ್ತನೇ ದಿನ, ಅವ್ವ ಸೌತೇಕಾಯಿ ಕೊಡು ಅಂತ ಅಟ ಮಾಡಿದ್ಳು. ಮನಸ್ಸು ತಡೀದೆ ಅರ್ಧ ಕೊಯ್ದು ಕೊಟ್ಟೆ. ಸಂಜೀಕೆ ಮೈ ಕೆಂಡ. ಅದಿಮೂರನೇ ದಿನ ತೀರ್ಕೊಂಡ್ಳು. ಅನ್ನೊಂದ್ ವರ್ಸ ಆಯ್ತು. ಈ ಕೈಲೇ ಕೊಯ್ದು ಕೊಟ್ಟಿದ್ದು."

ಸುವರ್ಣಮ್ಮ ಕೇಳಿದರು. "ಸೌತೆಕಾಯಿ ಕೇಳೋ ಮುಂಚೆ ಅವಳು ಹೇಗಿದ್ದಳು? ಚಳಿ ಅಂದಿದ್ಳಾ?"

"ಅದ್ಕೆ ಮುಂಚಿನ್ ದಿನಾನೇ ನಡುಗ್ತಿದ್ಳು. ಎರಡು ಕಂಬಳಿ ಒದಿಸಿದ್ದೆ. ಬಾಯಿ ಒಣಗ್ತದೆ ಅಂತಿದ್ಳು."

"ಅವಳಿಗೆ ಆಗಲೇ ಜ್ವರ ಇತ್ತು ಪುಟ್ಟತಾಯಮ್ಮ. ಹೆರಿಗೆ ಮಾಡಿಸೋರು ಕೈ ಸರಿಯಾಗಿ ತೊಳೀದಿದ್ರೆ ಬರೋ ಜ್ವರ ಅದು. ಎಷ್ಟೋ ತಾಯಂದಿರು ಅದರಲ್ಲೇ ಹೋಗ್ತಾರೆ. ಜ್ವರ ಬಂದಿದ್ದಕ್ಕೆ ಸೌತೆಕಾಯಿ ಕೇಳಿದ್ಳು. ಸೌತೆಕಾಯಿ ತಿಂದಿದ್ದಕ್ಕೆ ಜ್ವರ ಬಂದಿದ್ದಲ್ಲ."

ಹನ್ನೊಂದು ವರ್ಷದ ಮೇಲೆ ಯಾರೋ ತನ್ನ ಕೈಯನ್ನು ತೊಳೆದುಕೊಟ್ಟಂತೆ ಪುಟ್ಟತಾಯಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು. ಸೆರಗಿನಲ್ಲಿ ಮುಖ ಮುಚ್ಚಿ ಬಹಳ ಹೊತ್ತು ಅತ್ತಳು. ಕೊನೆಗೆ, ಆಗಲಿ, ಕೊಡುತ್ತೇನೆ ಎಂದಳು.

ಆದರೆ ಭಯ ಒಂದೇ ಮಾತಿಗೆ ಮನೆ ಬಿಟ್ಟು ಹೋಗುವ ನೆಂಟ ಅಲ್ಲ. ಮಾರನೆಯ ಬೆಳಿಗ್ಗೆ ಪುಟ್ಟತಾಯಮ್ಮ ಕಾಳಿಗೆ ಕಾಯಿ ತುರಿದಳು, ಕೊತ್ತಂಬರಿ ಹೆಚ್ಚಿದಳು, ಎಲ್ಲ ಸರಿಯಾಗಿಯೇ ಮಾಡಿದಳು. ಮೂಗಿಗೆ ಹಿಡಿದಾಗ ಹಸಿವಾಸನೆ ಬಂತು. ಹಸಿವಾಸನೆ ಇರುವ ಅಡಿಗೆಯನ್ನು ಬಡಿಸಿದರೆ ಅವಳು ಪುಟ್ಟತಾಯಮ್ಮ ಹೇಗಾದಾಳು? ಬಾಣಲೆಗೆ ಒಗ್ಗರಣೆ ಹಾಕಿ, ಎಲ್ಲವನ್ನೂ ಸುರಿದು, ಹಸಿವಾಸನೆ ಹೋಗುವವರೆಗೆ ಬಾಡಿಸಿದಳು. ಬಿಸಿಬಿಸಿಗೇ ನಿಂಬೆಹಣ್ಣು ಹಿಂಡಿ ಮತ್ತೆ ಎರಡು ಸಲ ತಿರುವಿದಳು. ಹೀಗೆ ಏಳು ದಿನ ನಡೆಯಿತು. ರಕ್ತ ನಿಲ್ಲಲಿಲ್ಲ. ಮುಂದಿನ ಹಲ್ಲೊಂದು ನಾಲಗೆ ತಾಗಿದರೂ ಅಲ್ಲಾಡತೊಡಗಿತು. "ನಾನ್ ಏಳ್ನಿಲ್ವಾ," ಎಂದಳು ಲಕ್ಕಮ್ಮ.

ಗುರುವಾರ ಸುವರ್ಣಮ್ಮ ಬಂದು ವಸಡು ನೋಡಿದರು, ಮುಖ ಸಣ್ಣದಾಯಿತು. ಬಟ್ಟಲನ್ನು ತರಿಸಿ ಮೂಸಿದರು.

"ಇದರಲ್ಲಿ ಹಸಿವಾಸನೆ ಇಲ್ಲವಲ್ಲ?"

"ಎಲ್ಲಾ ಓಗ್ಬುಟ್ಟದೆ ತಾಯಿ. ಚೆನ್ನಾಗಿ ಬಾಡಿಸಿವ್ನಿ," ಎಂದಳು ಪುಟ್ಟತಾಯಮ್ಮ. ತಾನು ಹೇಳಿದ್ದೇನೆಂದು ತನಗೇ ಕೇಳಿಸಿದ ಮೇಲೆ ತಲೆ ತಗ್ಗಿಸಿದಳು.

"ಆ ಹಸಿವಾಸನೇಲೇ ಸೊಸೆಯ ಜೀವ ಇರೋದು," ಎಂದರು ಸುವರ್ಣಮ್ಮ. "ಇನ್ನು ತಡ ಮಾಡಿದ್ರೆ ಹಲ್ಲು ಉದುರುತ್ತವೆ. ಆಮೇಲೆ ಒಳಗಡೆ ರಕ್ತ ಸೋರಿದ್ರೆ ನಾನಾಗಲಿ ನೀವಾಗಲಿ ಏನೂ ಮಾಡೋಕಾಗಲ್ಲ. ಈ ವಾರದಲ್ಲಿ ಗುಣ ಕಾಣದಿದ್ರೆ ಗಾಡಿ ಕಟ್ಟಿ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಆವತ್ತು ಪುಟ್ಟತಾಯಮ್ಮ ಒಂದು ಬಟ್ಟಲು ಕೋಸಂಬರಿ ಕಲೆಸಿದಳು. ಒಲೆಯ ಹತ್ತಿರಕ್ಕೂ ಒಯ್ಯಲಿಲ್ಲ. ಆದರೂ ಸೊಸೆಗೆ ಕೊಡಲು ಕೈ ಬರಲಿಲ್ಲ. ಆಗುವುದಿದ್ದರೆ ನನಗೇ ಆಗಲಿ ಎಂದು ತಾನೇ ಅಷ್ಟನ್ನೂ ತಿಂದು, ಜಗಲಿಯ ಕಂಬಕ್ಕೆ ಒರಗಿ, ಸಾವಿಗೆ ಕಾದು ಕೂತಳು. ಮಧ್ಯಾಹ್ನವಾಯಿತು. ಸಾವು ಬರಲಿಲ್ಲ, ಹಸಿವು ಬಂತು. ಎದ್ದು ಹೋಗಿ ಇನ್ನೊಂದು ಬಟ್ಟಲು ಕಲೆಸಿದಳು. ಅಗಿಯಲಾರದ ಸೊಸೆಗೆಂದು ಕಾಳನ್ನು ಒರಳಿನಲ್ಲಿ ಒಂದು ಸುತ್ತು ಜಜ್ಜಿ, ನಿಂಬೆ ಹಿಂಡಿ, ಮುಂದೆ ತಂದಿಟ್ಟಳು.

"ಅತ್ತೆವ್ವ, ಏನೂ ಆಗಾಕಿಲ್ವಾ?" ಎಂದು ನಂಜಮ್ಮ ಕೇಳಿದಳು.

"ನಾನು ತಿಂದಿವ್ನಿ ಕಣ್ ಮಗ. ನೋಡು, ಕೂತಿವ್ನಿ."

ನಾಲ್ಕನೆಯ ದಿನ ಬಾಯಿ ಮುಕ್ಕಳಿಸಿದ ನೀರು ತಿಳಿಯಾಗಿ ಬಿತ್ತು. ವಾರದಲ್ಲಿ ಕಾಲಿನ ಚುಕ್ಕೆ ಮಸುಕಾದವು. ಬಾಯಿಗೆ ಊಟ ಸೇರಿತು, ಊಟ ಸೇರಿದ ಮೇಲೆ ಹಾಲೂ ಬಂತು, ಹಾಲು ಬಂದ ಮೇಲೆ ಮಗು ಊರೆಲ್ಲ ಕೇಳುವಂತೆ ಅಳುವುದನ್ನು ಮತ್ತೆ ಕಲಿಯಿತು. ಆ ಅಳು ಪುಟ್ಟತಾಯಮ್ಮನಿಗೆ ಓಲಗದಂತೆ ಕೇಳಿಸಿತು. ಒಂದು ಹಿಡಿ ಕಾಳು, ಅರ್ಧ ನಿಂಬೆಹಣ್ಣು. ಇಷ್ಟರಲ್ಲಿ ಇಷ್ಟು ಶಕ್ತಿಯೇ ಎಂದು ಅವಳು ದಿನಕ್ಕೆ ಹತ್ತು ಸಲ ಬೆರಗಾದಳು.

ಬೆರಗಾದ ಮೇಲೆ ಅಡಿಗೆಯವಳ ಕೈ ಸುಮ್ಮನಿರುತ್ತದೆಯೇ? ಮೊಳಕೆ ಹೆಸರಿಗೆ ಮಾವಿನಕಾಯಿ ತುರಿ ಸೇರಿದರೆ ನಿಂಬೆ ಬೇಡ ಎಂದು ಕಂಡುಕೊಂಡಳು. ಎಳೆ ಮೂಲಂಗಿಯನ್ನು ಅದರ ಎಳೆ ಸೊಪ್ಪಿನ ಸಮೇತ ಹೆಚ್ಚಿ, ಗಟ್ಟಿ ಮೊಸರಿಗೆ ಹಾಕಿ, ಮೇಲೆ ಹಸಿಮೆಣಸಿನಕಾಯಿ ಕಿವುಚಿದಳು. ನೆನೆದ ಕಡಲೆಬೇಳೆಗೆ ಗಜ್ಜರಿ ತುರಿ, ಕಾಯಿತುರಿ. ನೆಲ್ಲಿಕಾಯಿಯನ್ನು ಜಜ್ಜಿ ಈರುಳ್ಳಿಯ ಜೊತೆ. ಹನ್ನೊಂದು ವರ್ಷದ ಮೇಲೆ ಸಂತೆಯಿಂದ ಸೌತೆಕಾಯಿ ತಂದು, ನೆನೆಸಿದ ಹೆಸರುಬೇಳೆಗೆ ಬೆರೆಸಿದಳು. ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ, ಎಲೆಗೆ ಬಡಿಸುವಾಗ ಹಾಕಬೇಕು ಎಂದು ಕೇಳದವರಿಗೂ ಹೇಳಿದಳು. ಒಗ್ಗರಣೆ ಬೇಕೇ ಬೇಕು ಅನ್ನಿಸಿದ ದಿನ ಸೌಟಿನಲ್ಲಿ ಸಿಡಿಸಿ, ಪೂರ್ತಿ ಆರಿದ ಮೇಲೆ ಸುರಿದಳು.

ಮತ್ತೆ ಸುವರ್ಣಮ್ಮ ಬಂದ ದಿನ ಲಕ್ಕಮ್ಮನೂ ಬಾಗಿಲಲ್ಲಿ ಬಂದು ನಿಂತಳು. ಸುವರ್ಣಮ್ಮ ನಂಜಮ್ಮನ ವಸಡನ್ನು ಬೆರಳಿನಿಂದ ಒತ್ತಿದರು, ಸ್ವಲ್ಪ ಬಲವಾಗಿಯೇ ಒತ್ತಿದರು. ಬೆರಳನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಬೆರಳ ಮೇಲೆ ಬರಿಯ ಎಂಜಲು, ರಕ್ತದ ಸುಳಿವಿಲ್ಲ.

ಪುಟ್ಟತಾಯಮ್ಮ ಆ ಬೆರಳನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಎಂಜಲು ಎನ್ನುವುದೂ ಅವಳಿಗೆ ನೆನಪಾಗಲಿಲ್ಲ.

"ನಾನೇನು ಕೊಟ್ಟೆ ಪುಟ್ಟತಾಯಮ್ಮ? ಎಲ್ಲಾ ನಿಮ್ಮ ಮನೇಲೇ ಇತ್ತು," ಎಂದರು ಸುವರ್ಣಮ್ಮ.

ಲಕ್ಕಮ್ಮ ಬಾಗಿಲಲ್ಲೇ ನಿಂತು ಸೆರಗಿನ ತುದಿ ಹೊಸೆದಳು. ಅವಳ ಮಗಳು ಶಾಂತಿಗ್ರಾಮದಿಂದ ಬಾಣಂತನಕ್ಕೆ ಬಂದು ಎರಡು ತಿಂಗಳಾಗಿತ್ತು. "ಅಕ್ಕ," ಎಂದಳು ಮೆಲ್ಲಗೆ, "ನನ್ ಮಗ್ಳೂ ನೆನ್ನೆಯಿಂದ ರಕ್ತ ಉಗೀತಾವ್ಳೆ. ಯಾರ್ಗೂ ಏಳಿರ್ನಿಲ್ಲ. ಆ ಕಾಳು ಒಂದ್ ಇಡಿ ಇದ್ರೆ ಕೊಡು."

ಪುಟ್ಟತಾಯಮ್ಮ ಒಂದು ಹಿಡಿಯಲ್ಲ, ಗಂಟನ್ನೇ ಎತ್ತಿ ಅವಳ ಮಡಿಲಿಗೆ ಹಾಕಿದಳು.

ಅಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯ ಬಾಣಂತಿ ನುಂಗುತ್ತಿದ್ದಾಳೋ, ಅಗಿಯುತ್ತಿದ್ದಾಳೋ? ಇವತ್ತೇ ಬಾಯಿ ತೆಗೆಸಿ ನೋಡಿ. ವಸಡಿನಲ್ಲಿ ರಕ್ತ ಕಂಡರೆ ನಾಚಬೇಡಿ, ಮುಚ್ಚಿಡಬೇಡಿ, ನರ್ಸಮ್ಮನಿಗೋ ಡಾಕ್ಟರಿಗೋ ತೋರಿಸಿ. ಕಾಯಿಸಿ ಆರಿಸಿದ ನೀರಿನಲ್ಲಿ ಕೈ ತೊಳೆಯಿರಿ, ಕಾಳನ್ನೂ ತರಕಾರಿಯನ್ನೂ ತೊಳೆಯಿರಿ. ಕಲೆಸಿದ್ದನ್ನು ನಾಳೆಗೆ ಇಡದೆ ಆಗಲೇ ತಿನ್ನಿ. ಬಸ್ಸಾರು ಬಿಡಿ ಎಂದು ಯಾರೂ ಹೇಳುತ್ತಿಲ್ಲ, ಅದನ್ನು ಬಿಟ್ಟರೆ ನಾವು ಬದುಕುವುದು ಹೇಗೆ? ಎಸರಿಗೆ ಕಾಳು ಸುರಿಯುವ ಮುಂಚೆ ಒಂದು ಹಿಡಿ ಬೇರೆ ತೆಗೆದಿಡಿ, ಅಷ್ಟೇ. ಆ ಹಿಡಿ ಕಾಳು ನಿಮ್ಮ ಮಗಳ ಪಾಲು, ನಿಮ್ಮ ಸೊಸೆಯ ಪಾಲು. ಅದಕ್ಕೆ ಬೆಂಕಿ ತೋರಿಸಬೇಡಿ.