ಸೀಬೆಮರಕ್ಕೆ ಹೊಡೆದ ಖಾರ

ಒಂದಾನೊಂದು ಊರಿನಲ್ಲಿ ಒಂದು ಸೀಬೆಮರ, ಮರದ ತುಂಬ ಹಣ್ಣು, ಆ ಮರವಿದ್ದ ಮನೆಯಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಹುಟ್ಟಿ ಬಂದವಳು, ಇನ್ನೊಬ್ಬಳು ಮದುವೆಯಾಗಿ ಬಂದವಳು — ಧಪ್, ಇನ್ನೊಂದು ಬಿತ್ತು, ಬೀಳುವ ಸದ್ದಿನಲ್ಲೇ ಗೊತ್ತಾಗುತ್ತದೆ ಎಷ್ಟು ಮಾಗಿತ್ತು ಅಂತ, ಇದು ಬಿದ್ದಲ್ಲೇ ಒಡೆದಿರಬೇಕು, ತಿರುಳು ಮಣ್ಣಿಗೆ ಮೆತ್ತಿಕೊಂಡು ಇರುವೆಗಳಿಗೆ ಸುಗ್ಗಿ, ನಾನು ಮಾತ್ರ ತಲೆ ಎತ್ತುವುದಿಲ್ಲ, ಹಿತ್ತಿಲ ಮೆಟ್ಟಿಲ ಮೇಲೆ ಅಜ್ಜಿಯ ಹಿಂದೆ ಕೂತು ಅವಳ ತಲೆ ಬಾಚುತ್ತಿದ್ದೇನೆ, ಎಷ್ಟು ತೆಳ್ಳಗಾಗಿದೆ ಈ ಕೂದಲು, ಚಿಕ್ಕವಳಿದ್ದಾಗ ಇದರೊಳಗೆ ಮುಖ ಮುಚ್ಚಿಕೊಂಡು ಕಥೆ ಕೇಳುತ್ತಿದ್ದೆ, ಈಗ ಬಾಚಣಿಗೆಯ ಹಲ್ಲಿಗೂ ಸಿಗುವುದಿಲ್ಲ, ಬಿಸಿಲು ಇನ್ನೂ ಗೋಡೆಯ ಮೇಲಿದೆ, ಅಜ್ಜಿ ಕತ್ತು ತಿರುಗಿಸಿ ಕೇಳುತ್ತಾಳೆ, ಅವಳು ಬಂದಳೇನೇ? ಅವಳು ಅಂದರೆ ಅತ್ತಿಗೆ. ಈ ಮನೆಯಲ್ಲಿ ಈಗ ಅವಳು ಅಂದರೆ ಅತ್ತಿಗೆಯೇ, ಮೊದಲು ಅವಳು ಅಂದರೆ ನಾನು. ಇಲ್ಲ ಅಜ್ಜಿ, ಬರೋ ಹೊತ್ತಾಗಿಲ್ಲ. ಇವತ್ತು ಏನು ಸುದ್ದಿ ತರ್ತಾಳೋ, ನಿನ್ನೆ ಆ ಕರಡಿ ಶಾಲೆ ಹಿಂದಿನ ಕಸದ ಡಬ್ಬಿ ಉರುಳಿಸಿತ್ತಂತೆ, ಮುಚ್ಚಳದ ಕೊಂಡಿ ಹಾಕಿದ್ದಕ್ಕೆ ತೆಗೆಯೋಕೆ ಆಗದೆ ಡಬ್ಬಿ ಮೇಲೇ ಕೂತು ಹೋಯ್ತಂತೆ, ಕೂತು ಹೋಯ್ತಂತೆ ಕಣೇ! ಅಜ್ಜಿಯ ಹೆಗಲು ನಗುವಿಗೆ ಕುಣಿಯುತ್ತದೆ, ಬೈತಲೆ ಸೊಟ್ಟಗಾಗುತ್ತದೆ, ನಾನು ಕೂದಲನ್ನು ಸ್ವಲ್ಪ ಜೋರಾಗಿಯೇ ಎಳೆಯುತ್ತೇನೆ, ಅಯ್ಯೋ ಮೆಲ್ಲಗೆ ಪುಟ್ಟಿ ಅನ್ನುತ್ತಾಳೆ. ಪುಟ್ಟಿ ಅನ್ನುವುದು ಅಜ್ಜಿ ನನಗೆ ಇಟ್ಟದ್ದು, ಅದನ್ನೂ ಅತ್ತಿಗೆ ಬಂದ ವಾರದಲ್ಲೇ ಎತ್ತಿಕೊಂಡಳು, ಪುಟ್ಟಿ ಚೀಲ ಕೊಡು, ಪುಟ್ಟಿ ಬಾಗಿಲು ಹಾಕು, ಅಪ್ಪ ಅಮ್ಮ ಹೋದಮೇಲೆ ಅಜ್ಜಿಯೂ ನಾನೂ ಕಥೆಯೊಳಗೇ ಮನೆ ಮಾಡಿಕೊಂಡಿದ್ದೆವು, ಅಣ್ಣ ಲಾರಿ ಏರಿ ಊರೂರು ಸುತ್ತುವವನು ಅವನಿಗೆ ಕಥೆ ಬೇಡ, ನಮ್ಮಿಬ್ಬರ ನಡುವೆ ಇವಳು, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಬಿಟ್ಟದ್ದೂ ನಿಜವಾದ ಕರಡಿಯನ್ನೇ.

ಕರಡಿ ಕಾವಲು ತಂಡ ಅಂತ ಅವಳ ಕೆಲಸದ ಹೆಸರು, ಕಾಡಿಗೆ ಅಂಟಿಕೊಂಡ ಈ ಬೀದಿಗಳಲ್ಲಿ ಮನೆಮನೆಗೆ ಹೋಗುವುದು, ಕಸ ಬೆಳಿಗ್ಗೆ ಹೊರಗಿಡಿ ಸಂಜೆ ಇಡಬೇಡಿ, ನಾಯಿಯ ತಟ್ಟೆ ಒಳಗೆ ತನ್ನಿ, ಕಾಡುದಾರೀಲಿ ಒಬ್ಬೊಬ್ಬರೇ ಹೋಗಬೇಡಿ, ಮಾತಾಡ್ತಾ ನಡೀರಿ, ಮನುಷ್ಯರು ಬರ್ತಿದ್ದಾರೆ ಅಂತ ಅದಕ್ಕೆ ಮೊದಲೇ ಗೊತ್ತಾದರೆ ಅದೇ ದಾರಿ ಬಿಟ್ಟು ಹೋಗತ್ತೆ. ಅಜ್ಜಿ ಇದನ್ನು ಕೇಳಿ, ನಮ್ಮ ಮನೆಯವರೆಲ್ಲಾ ಹಾಗೇ ಬದುಕಿರೋದು ಕಣೇ, ಬಾಯಿ ಮುಚ್ಚಿದ್ದು ಯಾವಾಗ ಅಂದಿದ್ದಳು, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು, ನಾನು ಒಳಗೆ ಅಂಗಡಿಯ ಬಟ್ಟೆ ಬದಲಿಸುತ್ತಾ ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಅಜ್ಜಿ ಹೂಂಗುಟ್ಟುತ್ತಿದ್ದಳು. ಹೂಂ, ಆಮೇಲೆ? ಹೂಂ. ಹೂಂಗುಟ್ಟುವವಳು ನಾನು, ಕಥೆ ಹೇಳುವವಳು ಅಜ್ಜಿ, ಇದು ನಮ್ಮ ಕರಾರು, ನಾನು ಹುಟ್ಟಿದಾಗಿನಿಂದ, ಅಜ್ಜಿಗೆ ಹೂಂ ಅನ್ನಲು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಾನೂ ಒಂದು ಸಂಜೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಕಥೆ ಶುರುಮಾಡಿದೆ, ಅಜ್ಜಿ ಇವತ್ತೊಬ್ಬರು ಬಂದಿದ್ದರು, ಹೊಸ ಕನ್ನಡಕ ಹಾಕಿ ಹೆಂಡತಿಯನ್ನು ನೋಡಿ ಅತ್ತುಬಿಟ್ಟರು, ಅಜ್ಜಿ ಆಕಳಿಸಿದಳು, ನಿನ್ನ ಅಂಗಡೀಲಿ ಇನ್ನೇನಾಗತ್ತೆ ಪುಟ್ಟಿ, ಕಣ್ಣು ಕಾಣದೋರು ಬರ್ತಾರೆ, ಕಾಣಿಸ್ಕೊಂಡು ಹೋಗ್ತಾರೆ. ನೀನೂ ಬಾ ಅಂದರೆ ಬರುವುದಿಲ್ಲ, ಕಣ್ಣಿನ ಪೊರೆ ತೆಗೆಸೋಣ ಅಂದರೆ ಬೇಡ, ನೋಡಿದ್ದೆಲ್ಲಾ ನೋಡಿಯಾಯ್ತು ಅನ್ನುತ್ತಾಳೆ. ಮತ್ತೆ ಕರಡಿ ನೋಡಿದ್ದೀಯಾ ಅಂದರೆ, ಕರಡಿಯನ್ನು ಯಾರು ನೋಡಿದ್ದಾರೆ ಬಿಡು.

ಧಪ್. ಹಣ್ಣೆಲ್ಲ ಕೀಳ್ತೀಯಲ್ಲ ಪುಟ್ಟಿ, ಅತ್ತಿಗೆ ಹೋದ ವಾರ ಕೇಳಿದಳು, ಬೇರೆಯವರ ಹಿತ್ತಿಲಿಗೆ ಹೋಗಿ ಮರದಲ್ಲಿ ಹಣ್ಣು ಬಿಡಬೇಡಿ ಅಂತ ಬುದ್ಧಿ ಹೇಳಿ ಬರ್ತೀನಿ, ನಮ್ಮ ಮರವೇ ಹೀಗೆ ನೇತಾಡ್ತಿದ್ರೆ ಜನ ಉಗಿಯಲ್ವಾ, ಒಂದು ಸಲ ಮನೆ ಹಣ್ಣಿನ ರುಚಿ ಹತ್ತಿದರೆ ಕರಡಿ ಕಾಡಿಗೆ ವಾಪಸ್ ಹೋಗಲ್ಲ, ಆಮೇಲೆ ಅದಕ್ಕೆ ಬೋನು, ಇಲ್ಲಾ ಗುಂಡು. ಕೀಳ್ತೀನಿ ಅತ್ತಿಗೆ, ನಾಳೆ ಖಂಡಿತ. ನಾಳೆ ಅನ್ನುವುದಕ್ಕೆ ಏನು, ನಾಲಿಗೆಗೆ ಮೂಳೆಯಿಲ್ಲ. ಕೀಳಲಿಲ್ಲ, ಯಾಕೆ ಅಂತ ಅವಳಿಗೆ ಹೇಳಲಾದೀತೇ, ಅಜ್ಜಿಯ ಕಥೆಯಲ್ಲಿ ಕಿರಿಯವಳು ಅಂಗಳದ ಹಣ್ಣು ಕೀಳದೆ ಕಾಯುತ್ತಾಳೆ, ಕರಡಿರಾಜ ಬರುತ್ತಾನೆ, ಹಿರಿಯವಳ ಕಡೆ ತಿರುಗಿಯೂ ನೋಡುವುದಿಲ್ಲ, ಈ ಊರಿನ ಕರಡಿಗಳೆಲ್ಲ ಅತ್ತಿಗೆಯವೇ ಆದರೆ ನನಗೆ ಒಂದು ಬೇಡವೇ, ಒಂದೇ ಒಂದು, ಸಂಜೆ ಅಜ್ಜಿಯ ಮುಂದೆ ಇಡಲು, ಬೇಲಿಯಾಚೆ ಹಾದು ಹೋದರೂ ಸಾಕು. ಆದರೆ ಇವತ್ತು ಬೆಳಿಗ್ಗೆ ಅವಳು ಹೊರಡುವಾಗ ನಗಲಿಲ್ಲ, ಪುಟ್ಟಿ ಅನ್ನಲೂ ಇಲ್ಲ, ನಾನು ಬರೋದರೊಳಗೆ ಮರ ಖಾಲಿ ಇರಬೇಕು, ಅಜ್ಜಿ ಇಡೀ ದಿನ ಅದರ ಕೆಳಗೇ ಕೂತಿರ್ತಾರೆ, ನಿನಗೆ ಅಷ್ಟೂ ತಿಳಿಯಲ್ವಾ ಅಂದಳು. ನಮ್ಮ ಅಜ್ಜಿಯ ಬಗ್ಗೆ ನನಗೇ ಬುದ್ಧಿ ಹೇಳುವುದೇ. ಮೈ ಉರಿದುಹೋಯಿತು. ಅವಳು ಹೋದಮೇಲೆ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುಹಾಕಿದ್ದ ಡಬ್ಬಿ ತೆಗೆದೆ, ಮನೆಗೆ ಅಂತ ಅವಳು ಬಿಟ್ಟು ಹೋಗುವ ಮೆಣಸಿನ ಸ್ಪ್ರೇ, ಕರಡಿ ಹತ್ತಿರ ಬಂದರೆ ಮೂತಿಯ ಕಡೆಗೆ ಹೊಡೆಯುವುದು, ಸೊಳ್ಳೆಗೆ ಹೊಡೆಯುವುದಿಲ್ಲವೇ ಗೋಡೆಗೆ ಮೂಲೆಗೆ, ಹಾಗೇ, ಕಾಂಡದ ಸುತ್ತ ಬುಡದಿಂದ ಕವಲಿನವರೆಗೆ ಬುಸ್ಸೆಂದು ಖಾಲಿ ಮಾಡಿಬಿಟ್ಟೆ, ಹಣ್ಣು ಹಣ್ಣಿನ ಜಾಗದಲ್ಲಿ, ಕರಡಿ ಕರಡಿಯ ಜಾಗದಲ್ಲಿ, ನಿನ್ನ ಖಾರ ನಿನ್ನ ಮರಕ್ಕೆ, ಕಣ್ಣಲ್ಲಿ ನೀರು ಧಾರಾಕಾರ, ಒಳಗಿಂದ ಅಜ್ಜಿ ಕೆಮ್ಮಿ ಕೆಮ್ಮಿ ಯಾರೇ ಅದು ಮೆಣಸಿನಕಾಯಿ ಸುಟ್ಟೋರು ಅಂದಳು, ಪಕ್ಕದ ಮನೆಯವರು ಅಜ್ಜಿ ಅಂದೆ, ಡಬ್ಬಿಯನ್ನು ಮತ್ತೆ ಮೊಳೆಗೇ ತೂಗುಹಾಕಿದೆ. ಡಬ್ಬಿ ಹಿಡಿಯುವುದನ್ನು ಅತ್ತಿಗೆ ಬೀದಿಯವರಿಗೆಲ್ಲ ಕಲಿಸಿದ ದಿನ ನಾನೂ ಅಲ್ಲಿದ್ದೆ, ಅವಳು ಇನ್ನೂ ಏನೇನೋ ಹೇಳಿದಳು, ಕೇಳಿಸಿಕೊಂಡವರಾರು, ನಾನು ಅಜ್ಜಿಯ ಮುಖ ನೋಡುತ್ತಿದ್ದೆ, ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ ಕೇಳುತ್ತಿದ್ದ ಮುಖ.

ಅದೇನೇ ಅದು ಕಪ್ಪಗೆ, ಮರಕ್ಕೆ ಕಂಬಳಿ ಒಣಹಾಕಿದ್ದೀಯಾ ಅನ್ನುತ್ತಾಳೆ ಅಜ್ಜಿ, ಇಲ್ಲ ಅಜ್ಜಿ ಅನ್ನಲು ತಲೆ ಎತ್ತುತ್ತೇನೆ, ಬಾಚಣಿಗೆ ನಿಲ್ಲುತ್ತದೆ. ಕಂಬಳಿಗೆ ಬೆನ್ನಿದೆ. ಕಂಬಳಿ ಹಿಂಗಾಲ ಮೇಲೆ ನಿಂತು ಮರವನ್ನು ತಬ್ಬಿಕೊಂಡಿದೆ, ಪಕ್ಕದ ಗೇಟು ತೆರೆದೇ ಇದೆ, ಯಾವಾಗ ಬಂತು, ಸದ್ದೇ ಇಲ್ಲ, ನೆಲದ ತುಂಬ ಹಣ್ಣಿದೆ ಅದರ ಕಡೆ ಗಮನವಿಲ್ಲ, ಅದು ಕಾಂಡವನ್ನು ನೆಕ್ಕುತ್ತಿದೆ, ಉದ್ದದ ನಾಲಿಗೆ, ಸೀಬೆಯ ತಿರುಳಿಗೆ ಬೂದಿ ಎರಚಿದ ಹಾಗಿನ ಬಣ್ಣ, ಬುಡದಿಂದ ಮೇಲಕ್ಕೆ, ನಿಧಾನವಾಗಿ, ತುದಿಯಲ್ಲಿ ಸುರುಳಿಯಾಗಿ ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ನಾನು ಖಾರ ಹೊಡೆದಲ್ಲೆಲ್ಲ. ಮರ ಖಾಲಿಯಿದ್ದರೆ, ಡಬ್ಬಿ ತುಂಬಿದ್ದರೆ, ಎರಡೂ ತಿರುಗಾಮುರುಗಾ, ಅಜ್ಜಿಯ ಮೊಣಕಾಲು ಎದ್ದೇಳಲು ಹತ್ತು ಸಲ ರಾಮಾಯಣ ಮಾಡುವ ಮೊಣಕಾಲು, ಓಡುವ ಹಾಗಿಲ್ಲ, ಓಡಬಾರದು, ಯಾರು ಹೇಳಿದ್ದು, ಅತ್ತಿಗೆ, ಕಿರುಚಬಾರದು, ಬೆನ್ನು ತೋರಿಸಬಾರದು, ಅದಕ್ಕೆ ಹೋಗುವ ದಾರಿ ಬಿಡಬೇಕು, ಮೆಲ್ಲಗೆ ಹಿಂದಕ್ಕೆ, ಒಂದೇ ದನಿಯಲ್ಲಿ ಏನಾದರೂ ಮಾತಾಡುತ್ತಿರಿ, ಏನು ಬೇಕಾದರೂ, ನೀವು ಮನುಷ್ಯರು ಅಂತ ತಿಳಿದರೆ ಸಾಕು, ಕೇಳಿಸಿಕೊಳ್ಳಲಿಲ್ಲ ಅಂದುಕೊಂಡಿದ್ದೆನಲ್ಲ, ಎಲ್ಲ ಅವಳ ದನಿಯಲ್ಲೇ ಬರುತ್ತಿದೆ, ಈಗಲೂ ಅವಳದೇ ದನಿ. ಹೂಂ ಅಜ್ಜಿ, ಕಂಬಳಿ, ಅಂದೆ. ಅಜ್ಜಿಯ ಕಂಕುಳಲ್ಲಿ ಕೈಹಾಕಿದೆ. ಒಂದೂರಲ್ಲಿ ಒಬ್ಬ ಮುದುಕಿ ಇದ್ದಳಂತೆ, ಅಂದೆ, ಗಂಟಲು ನನ್ನದಲ್ಲ, ಆ ಮುದುಕಿಗೆ ಎದ್ದೇಳೋಕೆ ಸೋಮಾರಿತನವಂತೆ. ಅಜ್ಜಿ ನಕ್ಕಳು, ಹೂಂ, ಆಮೇಲೆ? ಆಮೇಲೆ ಅವಳ ಮೊಮ್ಮಗಳು ಅವಳನ್ನ ಎಬ್ಬಿಸಿದಳಂತೆ. ಹೂಂ. ಎಬ್ಬಿಸಿ, ಹಿಂದೆ ತಿರುಗದೆ, ಹಾಗೇ ಹಿಂಬದಿಗೆ ನಡೆಸಿದಳಂತೆ. ಹಿಂಬದಿಗೆ ಯಾಕೆ? ಅದು ಆಟ ಅಜ್ಜಿ, ಹಿಂಬದಿ ನಡೆದರೆ ವಯಸ್ಸು ಕಮ್ಮಿಯಾಗುವ ಊರು ಅದು. ಹೂಂ. ಹಿಮ್ಮಡಿಗೆ ಹೊಸ್ತಿಲು ತಾಗಿತು, ನಾಲಿಗೆ ಮೇಲೆ ಹೋಯಿತು, ಸುರುಳಿಯಾಯಿತು, ಅಜ್ಜಿಯ ಕಾಲು ಹೊಸ್ತಿಲು ದಾಟಲು ತಡಕಾಡಿತು, ಮುದುಕಿ ಹೊಸ್ತಿಲು ದಾಟಿದಳಂತೆ, ಕಾಲು ಎತ್ತು, ಇನ್ನೊಂದು, ಮನೆಯೊಳಗೆ ಬಂದಳಂತೆ, ಆಮೇಲೆ ಮೊಮ್ಮಗಳು ಬಾಗಿಲು ಹಾಕಿ ಅಗಳಿ ಜಡಿದಳಂತೆ. ಜಡಿದೆ. ಹೂಂ, ಅಷ್ಟೇನಾ, ಅಂದಳು ಅಜ್ಜಿ, ಚೆನ್ನಾಗಿತ್ತು ಕಣೇ, ನಿಲ್ಲಿಸಿದ್ಯಾಕೆ? ನನ್ನ ಕೈ ತಟ್ಟೆ ಹುಡುಕುತ್ತಿತ್ತು, ಒಳಗೆ ಸೇರಿಕೊಂಡ ಮೇಲೆ ಸದ್ದು ಮಾಡಿ ಅಂದಿದ್ದಳಲ್ಲ, ತಟ್ಟೆಗೆ ಸೌಟು ಬಡಿದೆ, ಕೈ ನೋಯುವವರೆಗೆ ಬಡಿದೆ, ಕಿಟಕಿಯಿಂದ ನೋಡಿದರೆ ಅದು ಕಾಲಿಳಿಸಿ, ಅವಸರವೇ ಇಲ್ಲದೆ, ತೆರೆದ ಗೇಟಿನಿಂದ ಕಾಡಿನ ಕಡೆಗೆ ನಡೆದುಹೋಯಿತು, ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಕರಡಿ ಬಂದು ಮರ ನೆಕ್ಕಿ ಹೋಯಿತು ಅಂತ ಫೋನು ಮಾಡಿದೆ, ಅತ್ತಿಗೆ ತಂಡದವರ ಜೊತೆ ಓಡೋಡಿ ಬಂದಳು, ಅವರು ಬೇಲಿಯವರೆಗೂ ಹೋಗಿ ಕಾಡಿಗಿಳಿದ ಹೆಜ್ಜೆ ನೋಡಿ ಗೇಟಿನ ಹತ್ತಿರ ಕಾವಲು ನಿಂತರು, ಅವಳು ಅಜ್ಜಿಯ ಮೈಕೈ ಮುಟ್ಟಿ ನೋಡಿದಳು, ಮರದ ಹತ್ತಿರ ಹೋಗಿ ಮೂಸಿದಳು, ಬಾಗಿಲ ಹಿಂದಿನ ಡಬ್ಬಿ ಅಲುಗಾಡಿಸಿದಳು, ಮರಕ್ಕೆ ಹೊಡೆದ್ಯಾ? ಹೂಂ. ಒಣಗಿದ ಮೇಲೆ ಆ ಘಾಟು ಅದಕ್ಕೆ ಊಟದ ವಾಸನೆ ಅಂತ ಹೇಳಿದ್ದೆ, ಎಲ್ಲರಿಗೂ ಹೇಳಿದ್ದೆ, ಅಜ್ಜಿಗೆ ಏನಾದರೂ ಆಗಿದ್ದರೆ — ಮೆಟ್ಟಿಲ ಮೇಲೆ ಕೂತುಬಿಟ್ಟಳು, ಅಲ್ಲೇ ಬಿದ್ದಿದ್ದ ಅಜ್ಜಿಯ ಬಾಚಣಿಗೆಯನ್ನು ಎತ್ತಿ ಎದೆಗೊತ್ತಿಕೊಂಡಳು, ನಮ್ಮ ಅಜ್ಜಿಗಾಗಿ ಅವಳು ಇಷ್ಟು ಹೆದರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ, ಅದಕ್ಕೂ ಹೊಟ್ಟೆ ಉರಿಯಿತು, ನನಗೆ ಯಾಕೆ ಅಷ್ಟು ಹೆದರಿಕೆಯಾಗಲಿಲ್ಲ. ಅಂದರೆ ಅದು ಬಂದದ್ದೂ ನನ್ನ ಹಣ್ಣಿಗಲ್ಲ, ಅವಳ ಡಬ್ಬಿಯ ವಾಸನೆಗೆ. ಅವಳು ಎದ್ದು ಏಣಿ ತಂದು ಮರಕ್ಕೆ ಒರಗಿಸಿದಳು, ಚೀಲ ನನ್ನ ಹೆಗಲಿಗೆ ಹಾಕಿದಳು, ಹತ್ತು, ಕೀಳ್ತೀನಿ ಅಂತ ಒಪ್ಪಿಕೊಂಡಿದ್ದು ನೀನು, ಬೆಳಕಿರುವಾಗಲೇ ಮುಗೀಬೇಕು. ಹತ್ತಿದೆ. ಅವಳು ಕೆಳಗೆ ಸೋಪಿನ ನೀರಿನಲ್ಲಿ ಕಾಂಡ ಉಜ್ಜುತ್ತಿದ್ದಾಳೆ, ನೊರೆ ಬುಡಕ್ಕೆ ಇಳಿಯುತ್ತಿದೆ, ನಾನು ಕೀಳುತ್ತಿದ್ದೇನೆ, ಮಾಗಿದ್ದು, ದೋರಗಾಯಿ, ಬಾವಲಿ ಕಚ್ಚಿದ್ದು, ಬೆರಳಿಗೆ ಅಂಟು, ತುಟಿಗೆ ಖಾರ, ಚೀಲ ತುಂಬಿದಾಗೆಲ್ಲ ಇಳಿಸುತ್ತೇನೆ, ಅವಳು ಖಾಲಿ ಚೀಲ ಕೊಡುತ್ತಾಳೆ. ಕಿಟಕಿಯಿಂದ ಅಜ್ಜಿಯ ದನಿ, ಈಗಷ್ಟೇ ಅವಳಿಗೆ ತಂಡದವರು ಯಾರೋ ಹೇಳಿದ್ದಾರೆ, ಅಯ್ಯೋ ಅದು ಕಂಬಳಿ ಅಲ್ವಂತಲ್ಲೇ, ಎಷ್ಟು ದೊಡ್ಡದಿತ್ತೇ, ಹೇಳೇ ಇವಳೇ — ಅತ್ತಿಗೆಯನ್ನು ಕೇಳುತ್ತಿದ್ದಾಳೆ, ನೋಡದೇ ಇದ್ದವಳನ್ನು, ನನ್ನ ಕೈಯಲ್ಲಿ ಹಣ್ಣೊಂದು ಹಿಸುಕಿಹೋಯಿತು. ನಾನು ನೋಡಿಲ್ಲ ಅಜ್ಜಿ, ಅವಳನ್ನೇ ಕೇಳಿ ಅಂದಳು ಅತ್ತಿಗೆ, ಆಮೇಲೆ ಉಜ್ಜುವುದು ನಿಲ್ಲಿಸಿ, ಮುಖ ಮೇಲೆತ್ತಿ, ಅಜ್ಜಿಗೆ ಕೇಳಿಸದ ಹಾಗೆ, ನಾನು ನೋಡೋದೆಲ್ಲಾ ಹೆಜ್ಜೆ, ಲದ್ದಿ, ಮುರಿದ ಡಬ್ಬಿ, ಇಷ್ಟು ವರ್ಷದಲ್ಲಿ ಎರಡು ಸಲ ದೂರದಿಂದ ಬೆನ್ನು ಕಂಡಿದೆ ಅಷ್ಟೇ, ಪುಟ್ಟಿ, ನೆಕ್ಕುವಾಗ ಅದರ ನಾಲಿಗೆ ಕಾಣ್ತಾ? ಅವಳ ಬಾಯಿ ಸ್ವಲ್ಪ ತೆರೆದಿತ್ತು. ಆ ಮುಖ. ಹೊಟ್ಟೆಕಿಚ್ಚಿನಿಂದ ಕಿವಿಗೊಟ್ಟ ಮುಖ, ನನಗೆ ಅದರ ಗುರುತು ಚೆನ್ನಾಗಿ ಗೊತ್ತು, ದಿನಾ ಬಾಗಿಲ ಸಂದಿಯಲ್ಲಿ ನಾನೇ ಅದನ್ನು ಇಟ್ಟುಕೊಂಡು ನಿಲ್ಲುತ್ತಿದ್ದೆನಲ್ಲ. ಬೆಳಕು ಸಾಲದು ಅತ್ತಿಗೆ, ಸರಿಯಾಗಿ ಕಾಣಲಿಲ್ಲ, ಅಂದೆ, ಅಷ್ಟೂ ಬಿಸಿಲು ಗೋಡೆಯ ಮೇಲಿತ್ತು. ಅವಳು ಹೌದಾ ಅಂದಳು, ಮತ್ತೆ ಬಗ್ಗಿ ಉಜ್ಜಿದಳು, ಅವಳು ನಂಬಲಿಲ್ಲ. ತುದಿಯ ಕೊಂಬೆಯಲ್ಲಿ ಎಲೆಯ ಹಿಂದೆ ಇನ್ನೊಂದಿದೆ, ಇನ್ನೂ ಹಸಿರು, ಅದನ್ನೂ ಬಿಡುವ ಹಾಗಿಲ್ಲ, ಕೈ ಚಾಚುತ್ತೇನೆ, ಏಣಿ ಅಲುಗುತ್ತದೆ, ಅವಳು ಸೋಪಿನ ಕೈಯಲ್ಲೇ ಹಿಡಿದುಕೊಳ್ಳುತ್ತಾಳೆ, ತೊಟ್ಟು ಮುರಿಯುತ್ತದೆ, ಮುಗೀತಾ ಅನ್ನುತ್ತಾಳೆ, ಮುಗೀತು ಅನ್ನುತ್ತೇನೆ, ಮರ ಬರಿ ಎಲೆ, ಕಾಂಡ ಒದ್ದೆ, ಆ ಒದ್ದೆಯ ಮೇಲೆ ಬುಡದಿಂದ ಮೇಲಕ್ಕೆ, ನಿಧಾನವಾಗಿ, ತುದಿಯಲ್ಲಿ ಸುರುಳಿಯಾಗಿ, ಬೂದಿಬಣ್ಣದ ಆ ನಾಲಿಗೆ, ನನಗೆ ಮಾತ್ರ ಕಾಣುವ ಆ ನಾಲಿಗೆ —