ರಾಜನ ಹಾಡಿಗೆ ಒಪ್ಪುವ ದನಿ

ಯಳಂದೂರಿನ ಹೆಂಗಸರು ಮೊದಲ ಸಲ ಪೌರಾಣಿಕ ನಾಟಕ ಆಡಲು ಹೊರಟದ್ದು 2002ರಲ್ಲಿ. ರಾಜನ ಪಾತ್ರ ಚನ್ನಾಜಮ್ಮನದು. ಎಲ್ಲರಿಗೂ ಹಾಡು ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಸದಾಶಿವಪ್ಪ, ನಾಟಕ ಹತ್ತಿರ ಬಂದಾಗ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಸುತ್ತಲಿನ ಬೇರೆ ಮೇಷ್ಟ್ರುಗಳಿಗೆ ಬಿಡುವಿರಲಿಲ್ಲ. ಆಗ ಸದಾಶಿವಪ್ಪನವರಿಗೆ ತಮ್ಮ ಹಳೆಯ ಶಿಷ್ಯೆ, ಕೊಳ್ಳೇಗಾಲದ ದೀಪ ನೆನಪಾದಳು.

ದೀಪ ರೇಷ್ಮೆ ನೇಯುವ ಮನೆಯವಳು. ಹಾರ್ಮೋನಿಯಂ ಮೇಲೆ ಅವಳ ಬೆರಳು ಓಡುತ್ತಿರಲಿಲ್ಲ. ಆದರೆ ಕೇಳಿದ ಹಾಡಿನ ಸ್ವರವನ್ನು ಕೂಡಲೇ ಬರೆಯಬಲ್ಲವಳು. ಅವಳು ನಡೆಸುತ್ತಿದ್ದ ಕಂಪ್ಯೂಟರ್ ತರಗತಿಯಲ್ಲಿ ಸ್ವರ ಬರೆಯುವ ಸಾಫ್ಟ್‌ವೇರ್ ಒಂದಿತ್ತು. ಗೆರೆಗಳ ಮೇಲೆ ಸ್ವರ ಕೂರಿಸಿ, ಪಟ್ಟಿಯಲ್ಲಿ ಒಂದು ವಾದ್ಯ ಆರಿಸಿದರೆ, ಅದರ ದನಿಯಲ್ಲಿ ಕಂಪ್ಯೂಟರೇ ನುಡಿಸುತ್ತಿತ್ತು.

ಪಟ್ಟಿಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಹಾಡು ಬರೆಸಲು ಮೇಷ್ಟ್ರ ಜೊತೆ ಕೊಳ್ಳೇಗಾಲಕ್ಕೆ ಬಂದಿದ್ದ ಚನ್ನಾಜಮ್ಮ ಪಿಯಾನೋ ಕೇಳಿ ನಕ್ಕಳು. ಶಹನಾಯಿ ಹಾಕಿದಾಗ, “ಯುದ್ಧಕ್ಕೆ ಒಂಟಿರೋ ರಾಜುನ್ಗೆ ಮದ್ವೆ ಮಾಡ್ತೀಯೇನವ್ವ?” ಅಂದಳು. ಕೊನೆಗೆ ‘ರೀಡ್ ಆರ್ಗನ್’ ಎಂಬ ದನಿ ಹೆಚ್ಚುಕಡಿಮೆ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯಂತೆಯೇ ಕೇಳಿಸಿತು.

“ಅದೇನೋ ಸರಿ. ರಾಜ ಎಲ್ಲಿ ರಾಗ ಎಳೀತಾನೋ ಯಾರ್ಗೊತ್ತು? ಮಿಸೀನು ಕಾಯಕ್ಕಿಲ್ವಲ್ಲ!” ಎಂದರು ಸದಾಶಿವಪ್ಪ.

“ಕಾಯೋ ಹಾಗೆ ಬರೀತೀನಿ ಮೇಷ್ಟ್ರೆ,” ಎಂದಳು ದೀಪ. ಹಾಡನ್ನು ಸಾಲುಸಾಲಾಗಿ ತುಂಡು ಮಾಡಿದಳು. ಪ್ರತಿ ಸಾಲಿನ ಕೊನೆಯ ಸ್ವರವನ್ನು ಉದ್ದಕ್ಕೆ ಬಿಟ್ಟಳು. ತಾನು ಕೀ ಒತ್ತುವ ತನಕ ಮುಂದಿನ ಸಾಲು ಹೊರಡುತ್ತಿರಲಿಲ್ಲ.

ನಾಟಕದ ದಿನ ಅವಳು ಫ್ಲಾಪಿ ಮಾತ್ರ ತಂದಳು. ಅದೇ ಸಾಫ್ಟ್‌ವೇರ್ ಇದ್ದ, ಯಳಂದೂರಿನ ಶಾಲೆಯೊಂದರ ಕಂಪ್ಯೂಟರನ್ನು ರಂಗದ ಪಕ್ಕಕ್ಕೆ ತಂದಿರಿಸಿದ್ದರು. ಸ್ಪೀಕರ್ ಜೋಡಿಸಿ ನುಡಿಸಿದರೆ, ರೀಡ್ ಆರ್ಗನ್ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳಿಸಿತು.

“ಕೆಟ್ಟೋಯ್ತಾ?” ಚನ್ನಾಜಮ್ಮ ಗಾಬರಿಯಾದಳು. ಒಂದು ಕಡೆ ಮೀಸೆ ಅಂಟಿಸಿಕೊಂಡಿದ್ದಳು, ಇನ್ನೊಂದು ಕಡೆಯದು ಕೈಯಲ್ಲೇ ಇತ್ತು.

“ಏನೂ ಕೆಟ್ಟಿಲ್ಲ ಅಕ್ಕ. ಫ್ಲಾಪಿಲಿ ಬಂದಿರೋದು ಸ್ವರ, ದನಿ ಈ ಕಂಪ್ಯೂಟರ್‌ದು. ಇದರಲ್ಲೇ ಬೇರೆ ಹುಡುಕಣ. ನೀವು ಹಾಡ್ತಾನೇ ಇರಿ, ನಿಲ್ಲಿಸ್ಬೇಡಿ.”

ಚನ್ನಾಜಮ್ಮ ಹಾಡಿದಳು. ದೀಪ ಪಟ್ಟಿಯ ಹೆಸರುಗಳನ್ನು ನಂಬದೆ ಒಂದೊಂದೇ ದನಿಯನ್ನು ಆ ಗಂಟಲಿನ ಜೊತೆಗಿಟ್ಟು ಕೇಳಿದಳು. ಕೊಳಲು ಹಾಡಿನ ಮೇಲೆಲ್ಲೋ ತೇಲಿತು. ಪಿಟೀಲು ಹಾಡಿನೊಡನೆ ಜಗಳಕ್ಕೆ ನಿಂತಿತು. ಅಕಾರ್ಡಿಯನ್ ಪರವಾಗಿಲ್ಲ, ಆದರೆ ತೆಳು. ಅದೇ ಸ್ವರಗಳನ್ನು ಇನ್ನೊಂದು ಸಾಲಿಗೆ ನಕಲು ಮಾಡಿ, ಕೆಳಗಿನ ಸ್ಥಾಯಿಗೆ ಇಳಿಸಿ, ಅದಕ್ಕೆ ದೊಡ್ಡ ಪಿಟೀಲಿನಂಥ ಚೆಲ್ಲೋ ವಾದ್ಯದ ದನಿ ಕೊಟ್ಟಳು. ಎರಡೂ ಕೂಡಿದ್ದೇ ತಡ, ಚನ್ನಾಜಮ್ಮನ ಭಾರವಾದ ಕಂಠಕ್ಕೆ ಅಡಿಯಲ್ಲಿ ಗಟ್ಟಿ ನೆಲ ಸಿಕ್ಕಂತಾಯಿತು. ಅವಳು ಯಾರೂ ಹೇಳದೆ ದನಿ ಏರಿಸಿದಳು.

ಕಣ್ಣು ಮುಚ್ಚಿ ಕೇಳುತ್ತಿದ್ದ ಸದಾಶಿವಪ್ಪನವರ ಎಡಗೈ ಬೆರಳುಗಳು ಮಂಡಿಯ ಮೇಲೆ ಆಡತೊಡಗಿದ್ದವು. “ಇದು ನನ್ ಪೆಟ್ಗೆ ಅಲ್ಲ ಕಣವ್ವ,” ಎಂದರು. “ಆದ್ರೂ ಆಡೋಳ್ನ ಎತ್ಕತದೆ. ಇದೇ ಇರ್ಲಿ.”

ಸಂಜೆ ಪರದೆ ಎದ್ದಿತು. ರಾಜ ಬಂದು ಹಾಡಿಗೆ ನಿಂತ. ಮೂರನೆಯ ಸಾಲಿನಲ್ಲಿ ಚನ್ನಾಜಮ್ಮ ಎಂದೂ ಹಾಡದಷ್ಟು ಉದ್ದಕ್ಕೆ ರಾಗ ಎಳೆದಳು. ದೀಪ ಕೀ ಮೇಲೆ ಬೆರಳಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು. ಕೊನೆಯ ಸ್ವರ ತಂಬೂರಿಯ ಶ್ರುತಿಯಂತೆ ಕಾದು ನಿಂತಿತ್ತು. ಚನ್ನಾಜಮ್ಮ ಉಸಿರು ತೆಗೆದುಕೊಂಡದ್ದು ಕಂಡೊಡನೆ ಒತ್ತಿದಳು. ಹಾಡು ಮುಗಿಯುತ್ತಿದ್ದಂತೆ ಜನ, “ವನ್ಸ್ ಮೋರ್!” ಎಂದು ಕೂಗಿದರು. ದೀಪ ನಗುತ್ತಾ ಮೊದಲ ಸಾಲಿಗೆ ಮರಳಿದಳು.

ನಾಟಕ ಮುಗಿದ ಮೇಲೆ ಸದಾಶಿವಪ್ಪ ಅವಳ ಬಳಿ ಬಂದು ಕುಳಿತರು. “ಮುಂದಿನ್ ನಾಟಕುಕ್ಕೆ ನನ್ ಕೈ ಸರಿಯೋಗಿರ್ತದೆ. ಆದ್ರೂ ನೀನು ಬರ್ಬೇಕು. ಆರ್ಮೋನಿಯಂ ನಾ ನೋಡ್ಕತೀನಿ, ಯುದ್ಧದ ತುತ್ತೂರಿ ನಿನ್ ಕಂಪ್ಯೂಟ್ರಲ್ಲಿ ನೀ ನೋಡ್ಕೊ.”

“ತುತ್ತೂರಿ ಒಂದಕ್ಕೇ ಬರಲ್ಲ ಮೇಷ್ಟ್ರೆ,” ಎಂದಳು ದೀಪ ಫ್ಲಾಪಿ ಹೊರತೆಗೆಯುತ್ತಾ. “ಪಿಟೀಲೂ ಕೊಳಲೂ ನಂದೇ.”